ಅಕ್ಕ ಬಗ್ಗಿಸಿದ ಹಲ್ಲುಗಳು

ಹೇಳಬೇಕಾದ ಹೊತ್ತಿನಲ್ಲಿ ನಾನು ಅಕ್ಕನ ಹೆಸರು ಹೇಳಲಿಲ್ಲ. ಕೊಯಮತ್ತೂರಿನಲ್ಲಿ, ಒಂದು ನಟ್ಟು ಬೋಲ್ಟನ್ನೂ ಮಾಡಿ ಮಾರದ ಮಷಿನ್ ಕಂಪನಿಯೊಂದರಲ್ಲಿ ಇದು ನಡೆಯಿತು.

ಕೆಲಸ ಕೇಳಲು ಹೋದ ದಿನ ಆ ಕಂಪನಿಯ ಬಾಗಿಲಲ್ಲೇ ನಿಂತುಕೊಂಡು ಬೇರೆಯವರಿಗೆ ಅದರ ವಿಳಾಸ ಕೇಳಿದ್ದೆ. ಮಷಿನ್ ಕಂಪನಿ ಅಂದರೆ ನನ್ನ ತಲೆಯಲ್ಲಿದ್ದದ್ದು ಅಕ್ಕಿಆಲೂರಿನ ನಮ್ಮ ಶೆಡ್ಡು: ತುಕ್ಕು ಹಿಡಿದ ಕಬ್ಬಿಣದ ಪಟ್ಟಿಗಳು, ಕಿವಿ ತೂತು ಬೀಳಿಸುವ ಗ್ರೈಂಡರ್, ವೆಲ್ಡಿಂಗ್ ಕಿಡಿಗೆ ಸುಟ್ಟ ಗೋಣಿಚೀಲ. ಇಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಒಳಗೆ ತಂಪು. ಎಲ್ಲರೂ ಕಂಪ್ಯೂಟರ್ ಮುಂದೆ ತೆಪ್ಪಗೆ ಕುಳಿತಿದ್ದರು. ಹಿಂದಿನ ಕೋಣೆಯಲ್ಲಿ ಮಾತ್ರ ಒಂದೊಂದೇ ಮಷಿನ್ ಜೋಡಿಸಿ ಪರೀಕ್ಷೆ ಮಾಡುತ್ತಿದ್ದರು. ಅಲ್ಲಿಗೆ ಫಿಟ್ಟರ್ ಬೇಕಾಗಿತ್ತು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಸ್ಪ್ಯಾನರ್ ಮಾತ್ರ ಚೆನ್ನಾಗಿ ಹಿಡಿಯುತ್ತಿದ್ದೆ.

ಅಪ್ಪ ಹೋದ ಮೇಲೆ ನಮ್ಮ ಶೆಡ್ಡನ್ನು ನಡೆಸುತ್ತಿರುವವಳು ನನ್ನ ಅಕ್ಕ ನೀಲವ್ವ. ಗೋವಿನಜೋಳ ಒಕ್ಕುವ ಮಷಿನ್ ಮಾಡುತ್ತಾಳೆ. ಹೊಸ ಕೆಲಸದ ಸುದ್ದಿ ಹೇಳಲು ಫೋನ್ ಮಾಡಿದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ.

“ಈರ್ಯಾ, ಮಷಿನ್ನ ಮಾಡಂಗಿಲ್ಲಂದ್ರ ಏನ್ ಮಾರ್ತಾರೋ? ಗಾಳಿ ಏನು?”

“ನಕ್ಷೆ ತಗೀತಾರಕ್ಕಾ. ಅದರಂಗ ಮಾಡಾಕ ಸಣ್ಣ ಸಣ್ಣ ಶೆಡ್ಡಿನವ್ರಿಗೆ ಪರವಾನಗಿ ಕೊಡ್ತಾರ. ಅವರು ಒಂದೊಂದು ಮಷಿನ್ ಮಾರಿದಾಗೂ ಇವರಿಗೆ ಇಷ್ಟಂತ ಬರ್ತೈತಿ.”

“ಅಂದ್ರ ಹೋರಿ ಸಾಕ್ಯಾರನ್ನು! ಆಕಳಾ ಮಂದೀವು, ಮೇವು ಮಂದೀದು. ಕರ ಹುಟ್ಟಿದಾಗೆಲ್ಲಾ ಇವರಿಗೆ ಪಾಲು.”

ಬೀದಿಯಲ್ಲಿ ನಿಂತು ಜೋರಾಗಿ ನಕ್ಕುಬಿಟ್ಟೆ. ಹೋಗುವವರೆಲ್ಲ ತಿರುಗಿ ನೋಡಿದರು.

ಅಕ್ಕನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಹೋರಿ ಸಾಕುವುದೂ ಸುಲಭವಲ್ಲ ಎಂದು ಅಲ್ಲಿ ಕಂಡೆ. ಒಂದು ಮಷಿನ್ನನ್ನು ಕಟ್ಟುವುದು, ಮುರಿಯುವುದು, ಮತ್ತೆ ಕಟ್ಟುವುದು. ಸಣ್ಣ ಪಟ್ಟರೈಗೆ, ಅಂದರೆ ಅಲ್ಲಿಯ ಮಾತಿನಲ್ಲಿ ಶೆಡ್ಡಿಗೆ, ಇಷ್ಟು ಹಾಳು ಮಾಡಿ ಕಲಿಯುವ ಶಕ್ತಿ ಇರುವುದಿಲ್ಲ. ಎಲ್ಲರ ಪರವಾಗಿ ಈ ಕಂಪನಿ ಹಾಳು ಮಾಡುತ್ತದೆ. ಎಲ್ಲೋ ಒಂದು ಊರಿನಲ್ಲಿ ದೋಷ ಕಂಡರೆ ಎಲ್ಲ ಊರಿನ ನಕ್ಷೆಯೂ ತಿದ್ದಿಹೋಗುತ್ತದೆ. ನಮ್ಮ ಕಡೆ ಹೀಗಿಲ್ಲ. ಒಬ್ಬನ ಮಷಿನ್ ಚೆನ್ನಾಗಿದ್ದರೆ ಇನ್ನೊಬ್ಬ ಚಹಾ ಕುಡಿಯುವ ನೆವದಲ್ಲಿ ಬಂದು ದಾರ ಹಿಡಿದು ಅಳತೆ ತೆಗೆದುಕೊಂಡು ಹೋಗುತ್ತಾನೆ. ಯಾರೂ ಬೈಯುವುದಿಲ್ಲ, ನಾವೂ ಅವನ ಶೆಡ್ಡಿಗೆ ಚಹಾ ಕುಡಿಯಲು ಹೋಗುವವರೇ.

ಬಾಡಿಗೆ ಕೋಣೆ ಸಿಕ್ಕಿತು. ಮಾತು ಮಾತ್ರ ತಡವಾಗಿ ಸಿಕ್ಕಿತು. ‘ವಾಂಗ’ ಅಂದರೆ ಬರ್ರಿ, ‘ಉಕ್ಕಾರುಂಗ’ ಅಂದರೆ ಕುಂತ್ಕೊಳ್ರಿ. ನಮ್ಮ ‘ರಿ’ ಮಾಡುವ ಕೆಲಸವನ್ನು ಅಲ್ಲಿ ‘ಉಂಗ’ ಮಾಡುತ್ತದೆ ಎಂದು ತಿಳಿದ ಮೇಲೆ ಅರ್ಧ ಹೆದರಿಕೆ ಹೋಯಿತು. ನಾನು ರೊಟ್ಟಿ ಬಡಿಯುವ ಸದ್ದಿಗೆ ಮನೆಯ ಯಜಮಾನತಿ ಓಡಿ ಬಂದು, ಗೋಡೆಗೆ ಏನು ಹೊಡೆಯುತ್ತಿದ್ದೀಯ ಎಂದು ಕೇಳಿದರು. ಒಂದು ರೊಟ್ಟಿ ಕೊಟ್ಟೆ. ಅಂದಿನಿಂದ ಅವರ ಅರಿಸಿ ಪರುಪ್ಪು ಸಾದಂ, ಅಕ್ಕಿ ಬೇಳೆ ಕೂಡಿಸಿ ಬೇಯಿಸಿದ ಅನ್ನ, ನನ್ನ ಕೋಣೆಗೂ ಬರತೊಡಗಿತು. ಆದರೂ ಸಂಜೆಯಾದರೆ ಕನ್ನಡದ ದನಿಗಾಗಿ ಬಸ್‌ಸ್ಟ್ಯಾಂಡಿಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದೆ.

ಆಗಲೇ ಕಂಪನಿಯವರು ಗೋವಿನಜೋಳದ ಮಷಿನ್ ಕೈಗೆತ್ತಿಕೊಂಡರು. ಹಸಿ ರವದಿ, ಅಂದರೆ ತೆನೆಯ ಸಿಪ್ಪೆ, ಡ್ರಮ್ಮಿಗೆ ಸುತ್ತಿಕೊಂಡು ಮಷಿನ್ ನಿಂತುಬಿಡುತ್ತಿತ್ತು. ನಮ್ಮ ಶೆಡ್ಡಿಗೂ ಇದೇ ತೊಂದರೆ ಇತ್ತು. ಬಾಚಣಿಗೆಗೆ ಸುತ್ತಿಕೊಂಡ ಕೂದಲು ಬಿಡಿಸುತ್ತ ಕುಳಿತಿದ್ದಾಗ ಅಕ್ಕನಿಗೆ ಉಪಾಯ ಹೊಳೆದಿತ್ತು: ಡ್ರಮ್ಮಿನ ಕೊನೆಯ ಸಾಲಿನ ಹಲ್ಲುಗಳನ್ನು ಹಿಂದಕ್ಕೆ ಬಗ್ಗಿಸಿದಳು. ರವದಿ ಜಾರಿ ಹೊರಗೆ ಬಿತ್ತು. ನಾನು ಕಂಪನಿಯಲ್ಲಿಯೂ ಹಾಗೆಯೇ ಬಗ್ಗಿಸಿದೆ. ಮಷಿನ್ ನಿಲ್ಲದೆ ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕಂಪನಿ ನಡೆಸುವ ಸೆಲ್ವಿ ಮೇಡಂ, “ಯಾರೋಡದು?” ಎಂದರು. ಇದು ಯಾರದು ಎಂದು.

“ನಮ್ಮ ಕಡೆ ಹಿಂಗೇ ಮಾಡ್ತಾರೆ” ಎಂದೆ.

ಊರಿನ ಚಹಾದಂಗಡಿಯಲ್ಲಿ ಇದು ತಪ್ಪು ಮಾತಲ್ಲ. ಆ ಕಂಪನಿಯಲ್ಲಿ ತಪ್ಪಾಗಿತ್ತು. ಎಲ್ಲರೂ ಮಾಡುವಂಥದ್ದು ಎಂದರೆ ಅದಕ್ಕೆ ಒಡೆಯರಿಲ್ಲ ಎಂದೇ ಲೆಕ್ಕ. ಅದು ನನಗೆ ಗೊತ್ತಿತ್ತು. ಅಕ್ಕನ ಹೆಸರು ಹೇಳಿದರೆ ಇವನ್ಯಾಕೆ ಬೇಕು, ಅವಳನ್ನೇ ಕೇಳೋಣ ಎಂದಾರು ಎಂದು ಹೆದರಿದೆ. ಆ ಚಪ್ಪಾಳೆಯೂ ಹಿಡಿಸಿತ್ತು.

ಹೊಸ ನಕ್ಷೆ ಶಿಗ್ಗಾಂವಿಯ ಒಂದು ಶೆಡ್ಡಿಗೂ ಹೋಯಿತು. ಅದರ ಮಾಲೀಕ ಅಕ್ಕಿಆಲೂರಿನ ಸಂತೆಗೆ ಬಂದವನು ಅಕ್ಕನ ಮಷಿನ್ ನೋಡಿದನಂತೆ. “ಅಕ್ಕಾರ, ಇದು ಕಂಪನಿ ಡಿಸೈನ್. ನಾವು ಪರವಾನಗಿ ತಗೊಂಡು ಮಾಡಾಕತ್ತೇವಿ. ನೀವು ಮಾಡಾಕ ಬರಂಗಿಲ್ರಿ” ಎಂದನಂತೆ. ಹಿರೇಕೆರೂರಿನ ಗಿರಾಕಿಯೊಬ್ಬರು, ನಕಲಿ ಮಾಲು ಬ್ಯಾಡ್ರಿ ಎಂದು ಎದ್ದುಹೋದರಂತೆ. ಅಕ್ಕ ಫೋನಿನಲ್ಲಿ ನಗುತ್ತ ಹೇಳತೊಡಗಿದವಳು ನಡುವೆ ನಗು ನಿಲ್ಲಿಸಿದಳು.

“ನನ್ನ ಮಷಿನ್ ನಾನ ಮಾಡಬಾರದಂತೋ. ನೀ ಅಲ್ಲೇ ಅದೀಯಲ್ಲ, ಅವರಿಗೆ ಹೆಂಗ ಹೊಳೀತು ಕೇಳು.”

“ಕೇಳ್ತೇನಕ್ಕಾ” ಎಂದೆ. ಕೇಳುವುದೇನಿತ್ತು? ಪ್ರತಿ ಫೋನಿಗೂ ಅದನ್ನೇ ಹೇಳಿದೆ. ಕೊನೆಗೊಂದು ದಿನ, ಸವಣೂರಿನ ಕೆಲಸವೂ ಕೈತಪ್ಪಿತು, ಮಷಿನ್ ಮಾಡುವುದನ್ನೇ ಬಿಡುತ್ತೇನೆ ಎಂದಳು. ಅವತ್ತು ಹೋಗಿ ಮೇಡಂ ಮುಂದೆ ನಿಂತೆ. ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಎಲ್ಲ ಹೇಳಿದೆ.

ಅವರು ನಕ್ಷೆ ತೆರೆದು ಆ ಹಲ್ಲುಗಳ ಸಾಲನ್ನು ನೋಡಿದರು. ಆಮೇಲೆ, “ನಾವು ಮಾರೋದು ಬೇರೆ ಏನು? ಇದು ಯಾರದು ಅಂತ ಸರಿಯಾಗಿ ಹೇಳೋದೊಂದೇ. ಅದು ಸುಳ್ಳಾದರೆ ಈ ಅಂಗಡಿಯಲ್ಲಿ ಏನೂ ಉಳಿಯಲ್ಲ” ಎಂದರು. ನನ್ನೆದುರೇ ಶಿಗ್ಗಾಂವಿಗೆ ಫೋನ್ ಮಾಡಿದರು. ನೀಲವ್ವನನ್ನು ಯಾರೂ ತಡೆಯಬಾರದು. ಆ ಹಲ್ಲಿರುವ ಪ್ರತಿ ಮಷಿನ್ನಿನ ಮೇಲೂ ನೀಲವ್ವನಿಗೆ ಪಾಲು ಎಂದರು. ಫೋನ್ ಇಟ್ಟು ನನಗೆ ಹೇಳಿದರು: “ಆದರೆ ಇದಕ್ಕೆ ನಿಮ್ಮ ಅಕ್ಕ ಒಪ್ಪಬೇಕು. ನೀವೇ ಹೋಗಿ ಕೇಳಿ. ಕೆಲಸ ಇರುತ್ತದೆ, ವಾಪಸ್ ಬನ್ನಿ.” ಊರ ಕಡೆಯ ಬಸ್ಸು ಹತ್ತಿದವನು ಅಕ್ಕನಿಗೆ ಹೇಳುವ ಮಾತು ಹೊಂದಿಸಿಕೊಂಡು, ಆಮೇಲೆ ಗಾಢವಾಗಿ ನಿದ್ದೆ ಮಾಡಿದೆ.

ಅಕ್ಕಿಆಲೂರಿನಲ್ಲಿ ಇಳಿಯುತ್ತಲೇ ಪರಿಚಯದವರೊಬ್ಬರು, “ಏನೋ ತಮಿಳಾ, ಯಾವಾಗ ಬಂದಿ?” ಎಂದರು. ಕೊಯಮತ್ತೂರಿನಲ್ಲಿ ನನ್ನನ್ನು ಕನ್ನಡಕ್ಕಾರ ಎನ್ನುತ್ತಾರೆ. ಎರಡಕ್ಕೂ ‘ಹಾಂ’ ಎನ್ನುವುದು ಅಭ್ಯಾಸವಾಗಿದೆ. ಅಲ್ಲಿದ್ದರೆ ಇಲ್ಲಿಯ ಗದ್ದಲ ಬೇಕೆನಿಸುತ್ತದೆ. ಇಲ್ಲಿಗೆ ಬಂದರೆ ಅಲ್ಲಿಯ ಆ ತಣ್ಣನೆಯ ಕೋಣೆಯಲ್ಲಿ ಅರ್ಧಕ್ಕೆ ಬಿಟ್ಟ ಮಷಿನ್ ನೆನಪಾಗುತ್ತದೆ.

ಅಕ್ಕ ಶೆಡ್ಡಿನಲ್ಲಿದ್ದಳು. “ಶಿಗ್ಗಾಂವಿಯಾಂವ ಫೋನ್ ಮಾಡಿದ್ದ. ‘ತಿಳೀಲಾರದ ಮಾತಾಡಿದ್ನಿರಿ ಅಕ್ಕಾರ’ ಅಂದ. ಏನಾತೋ ಅವಂಗ?”

“ಆ ಹಲ್ಲು ಅಲ್ಲಿ ತೋರಿಸಿದಾಂವ ನಾನ ಅಕ್ಕಾ. ಯಾರದು ಅಂತ ಕೇಳಿದ್ರು. ನಿನ್ನ ಹೆಸರು ಹೇಳಲಿಲ್ಲ. ಆಮ್ಯಾಲೆ ನೀ ಕೇಳಿದಾಗೂ ಬಾಯಿ ಬಿಡಲಿಲ್ಲ.”

ಅವಳು ಗ್ರೈಂಡರ್ ಬಂದ್ ಮಾಡಿ ಕೈ ಒರೆಸಿಕೊಂಡಳು.

“ಫೋನ್‌ನ್ಯಾಗ ಹೇಳಿದ್ರ ಬೈದು ಮುಗಸ್ತಿದ್ದೆ. ಈಗ ಬೈದು ಮ್ಯಾಲೆ ಉಣಾಕೂ ಹಾಕಬೇಕು.”

ನನಗೆ ನಗು ಬಂತು, ಅಳುವೂ ಬಂತು. ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಮೇಡಂ ಹೇಳಿದ ಪಾಲಿನ ಮಾತು ಆಮೇಲೆ, ಮೊದಲು ಇದು ಎಂದು ಗಟ್ಟಿಯಾಗಿಯೇ ಅಂದೆ:

“ತಪ್ಪಾತಕ್ಕಾ. ಹೊಟ್ಟ್ಯಾಗ ಹಾಕ್ಕೊ.”