ಗುಂಡಿಯ ಮೇಲಿನ ವೇದಿಕೆ

ಮೊನ್ನೆ ಜಮಖಂಡಿಯ ನಮ್ಮ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಒಂದು ರೆಕ್ಸಿನ್ ಚೀಲ ಸಿಕ್ಕಿತು. ಜಿಪ್ ಎಳೆದದ್ದೇ ತಡ, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ಹಳೆಯ ವಾಸನೆ ಮೂಗಿಗೆ ಬಡಿಯಿತು. ಚೀಲದ ಮೇಲೆ ಬಂಗಾರದ ಬಣ್ಣದಲ್ಲಿ ‘ರೈತರ ಕಾರ್ಯಾಗಾರ’ ಎಂದಿತ್ತು. ಅದರ ಕೆಳಗೆ, ಅದಕ್ಕಿಂತ ದಪ್ಪ ಅಕ್ಷರಗಳಲ್ಲಿ ನಮ್ಮ ಸಾಹೇಬರ ಹೆಸರಿತ್ತು. ಅವರು ಎಂಥವರೆಂದು ತಿಳಿಯಲು ಆ ಎರಡು ಸಾಲು ಸಾಕು.

ಸಾಹೇಬರು ಮುಧೋಳದಲ್ಲಿ ನಾನು ಕೆಲಸಕ್ಕಿದ್ದ ರೈತ ತರಬೇತಿ ಕೇಂದ್ರದ ಮುಖ್ಯಸ್ಥರಾಗಿದ್ದರು. ನಾನು ಅವರ ಕೈಕೆಳಗಿನ ಸಹಾಯಕ. ಗಡ್ಡ ನೆರೆತ ರೈತರಿಗೂ ಮೊಮ್ಮಕ್ಕಳನ್ನು ಕಂಡ ಹೆಣ್ಣುಮಕ್ಕಳಿಗೂ ಹೊಸದೇನಾದರೂ ಕಲಿಸುವುದು ಕೇಂದ್ರದ ಕೆಲಸ. ಸಾಹೇಬರ ಲೆಕ್ಕದಲ್ಲಿ ಕಲಿಸುವುದು ಎಂದರೆ ವೇದಿಕೆ ಕಟ್ಟುವುದು. ಯಾರ ಪಕ್ಕ ಯಾರು ಕೂಡಬೇಕು, ಯಾರ ಹಾರ ಎಷ್ಟು ಉದ್ದ ಇರಬೇಕು, ದೀಪಕ್ಕೆ ಮೊದಲು ಯಾರ ಕೈ ಹೋಗಬೇಕು... ಇವುಗಳ ಮೇಲೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಿದ್ದರು. ಬಂದವರು ಏನು ತಿಳಿದುಕೊಂಡು ಮನೆಗೆ ಹೋಗಬೇಕು ಎಂದು ಅವರು ಕೇಳಿದ್ದನ್ನು ನಾನಂತೂ ಕಾಣೆ.

ಒಮ್ಮೆ ತಡೆಯಲಾರದೆ ಅಂದೆ: “ಸರ, ಈ ಸಲ ಕುರ್ಚಿ ದುಂಡಗ ಹಾಕೂಣ್ರಿ. ಒಬ್ಬರ ಮಾರಿ ಒಬ್ಬರಿಗೆ ಕಾಣತಾವು, ಮಂದಿ ಬಾಯಿ ಬಿಡತಾರ.”

ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ದುಂಡಗ ಹಾಕಿದ್ರ ಅಧ್ಯಕ್ಷರು ಎಲ್ಲಿ ಕೂಡಬೇಕೋ?”

ಅವರು ಚೇಷ್ಟೆಗೆ ಕೇಳಿರಲಿಲ್ಲ. ಅವರಿಗೆ ನಿಜಕ್ಕೂ ಅದೇ ಚಿಂತೆ.

ಸವಳು ಭೂಮಿಯ ಕಾರ್ಯಾಗಾರ ನಡೆದದ್ದು ಆ ವರ್ಷವೇ. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಹೊಲಗಳ ಮೇಲೆ ಉಪ್ಪು ಬೆಳ್ಳಗೆ ಅರಳಿ ನಿಂತಿತ್ತು. ಬೀಳಗಿ, ರಬಕವಿ, ಜಮಖಂಡಿ ಕಡೆಯಿಂದೆಲ್ಲ ಜನ ಬಂದರು. ಸಭಾಭವನದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಪ್ರಾರ್ಥನೆ, ಸ್ವಾಗತ, ದೀಪ, ಸನ್ಮಾನ, ಸನ್ಮಾನಿತರ ಮಾತು, ಸನ್ಮಾನಿತರನ್ನು ಹೊಗಳುವ ಸಾಹೇಬರ ಮಾತು. ಧಾರವಾಡದಿಂದ ಬಂದಿದ್ದ ಮಣ್ಣಿನ ವಿಜ್ಞಾನಿ ವೇದಿಕೆಯ ತುದಿಯ ಕುರ್ಚಿಯಲ್ಲಿ ಕೂತು ಆಕಳಿಸುತ್ತಿದ್ದರು. ಅವರ ಸರದಿ ಬಂದಾಗ ಒಳಗೆ ಚಪಾತಿ, ಬದನೆಕಾಯಿ ಪಲ್ಯದ ವಾಸನೆ ತುಂಬಿತ್ತು. ಅವರು ನಾಲ್ಕು ಮಾತಾಡುವುದರೊಳಗೆ ಸಾಹೇಬರು ಗಡಿಯಾರ ತೋರಿಸಿದರು.

ಆಗ ಗಲಗಲಿ ಊರಿನ ಅಕ್ಕನೊಬ್ಬಳು ಎದ್ದು ನಿಂತಳು. ಗಂಡ ಸತ್ತ ಮೇಲೆ ಹೊಲವನ್ನೆಲ್ಲ ತಾನೇ ನೋಡಿಕೊಳ್ಳುತ್ತಿದ್ದ ಗಟ್ಟಿ ಹೆಂಗಸು. ಕೈಯಲ್ಲಿ ಹೊಲದ ಮಣ್ಣಿನ ಗಂಟು.

“ಸಾಹೇಬ್ರ, ನೀರು ಜಾಸ್ತಿ ಬಿಟ್ರ ಈ ಉಪ್ಪ ತೊಳದ ಹೋಗತೈತೇನ್ರಿ? ನಾ ಈ ವಾರ ಬಿಡಬೇಕ ಅಂತ ಮಾಡೇನಿ.”

ವಿಜ್ಞಾನಿ ಬೇಡ ಬೇಡ ಎಂದು ಕೈಯಾಡಿಸುತ್ತ ಎದ್ದರು. ಸಾಹೇಬರು ಅವರಿಗಿಂತ ಮೊದಲೇ ಮೈಕು ಹಿಡಿದಿದ್ದರು. “ತಂಗೀ, ಪ್ರಶ್ನೋತ್ತರ ಕಡೀಕ ಐತಿ. ಈಗ ಕೂಡು.”

“ಕಡೀಕ ಅಂದ್ರ ನಮ್ಮ ಬಸ್ ಹೋಗತೈತ್ರೀ.”

ಸಭೆ ನಕ್ಕಿತು. ಸಾಹೇಬರೂ ನಕ್ಕರು. ಊಟದ ಮೇಲೆ ಮತ್ತೊಬ್ಬ ಗಣ್ಯರು ಬಂದರು, ಮತ್ತೊಂದು ಸನ್ಮಾನವಾಯಿತು. ಪ್ರಶ್ನೋತ್ತರ ಬರಲೇ ಇಲ್ಲ. ಅಕ್ಕ ಬಸ್ಸಿಗೆ ಹೋದಳು, ಆ ವಾರವೇ ಹೊಲ ತುಂಬ ನೀರು ಬಿಟ್ಟಳು. ಅಡಿಯಲ್ಲಿ ಮೊದಲೇ ನೀರು ನಿಂತ ನೆಲ ಅದು. ಬಿಟ್ಟ ನೀರಿಗೆ ಹೋಗಲು ದಾರಿಯಿರಲಿಲ್ಲ. ಬೇಸಿಗೆಯ ಹೊತ್ತಿಗೆ ಉಪ್ಪು ಇಮ್ಮಡಿಯಾಗಿ ಮೇಲೆದ್ದು, ಅರ್ಧ ಹೊಲದ ಕಬ್ಬು ಸುಟ್ಟಂತೆ ಒಣಗಿತು. ಆ ಕಾರ್ಯಾಗಾರ ಬಹಳ ಯಶಸ್ವಿಯಾಯಿತೆಂದು ಪತ್ರಿಕೆಯಲ್ಲಿ ಫೋಟೋ ಬಂತು. ಸಾಹೇಬರು ಅದಕ್ಕೆ ಗಾಜಿನ ಕಟ್ಟು ಹಾಕಿಸಿದರು.

ಅಕ್ಕನ ಹೊಲದ ಸುದ್ದಿ ತಿಳಿದ ಮೇಲೆ ವಿಜ್ಞಾನಿ ತಾವಾಗಿ ಬರುತ್ತೇನೆಂದರು. ನಾವಿಬ್ಬರೂ ಒಂದು ರವಿವಾರ ಗಲಗಲಿಗೆ ಹೋದೆವು. ಭಾಷಣವಿಲ್ಲ, ಮೈಕಿಲ್ಲ. ಅಕ್ಕನ ಹೊಲದ ನಡುವೆ ಎದೆಯುದ್ದ ಒಂದು ಗುಂಡಿ ತೋಡಿಸಿ, ಅಕ್ಕಪಕ್ಕದ ಹೊಲದವರೂ ನಾವೂ ಸುತ್ತ ಕುಕ್ಕರಗಾಲಿನಲ್ಲಿ ಕೂತೆವು. ಚಹಾ ಕುಡಿಯುವುದರೊಳಗೆ ಗುಂಡಿಯ ತಳದಲ್ಲಿ ನೀರು ಒಸರಿತು. ವಿಜ್ಞಾನಿ ಅಕ್ಕನತ್ತ ನೋಡಿ ಗುಂಡಿಯ ಕಡೆ ಕೈ ತೋರಿಸಿದರು. ಅಕ್ಕ ಗುಂಡಿಗಿಳಿದು ನೀರಿಗೆ ಕೈ ಹಾಕಿ ನಾಲಿಗೆಗೆ ಹಚ್ಚಿ ನೋಡಿದಳು.

“ಯವ್ವಾ, ಬರೇ ಉಪ್ಪ... ಇದಕ್ಕ ಕೆಳಗ ಹೋಗಾಕ ದಾರಿನ ಇಲ್ಲ! ನಾ ಮ್ಯಾಲ ಮತ್ತ ಸುರದನಲ್ಲಾ.”

ಮುಂದೆ ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು. ಅಡಿಯ ನೀರು ಹೊರಹಾಕುವ ಬಸಿಗಾಲುವೆ ಯಾವ ಕಡೆ ಇಳಿಜಾರಾಗಬೇಕು, ಯಾರ ಬದುವಿಗೆ ಹಾಯುತ್ತದೆ, ಅವನು ಒಪ್ಪುತ್ತಾನೋ ಇಲ್ಲವೋ... ಸಂಜೆಯಾದರೂ ಯಾರೂ ಏಳಲಿಲ್ಲ. ದೊಡ್ಡವರು ಕಲಿಯುವುದನ್ನು ನಾನು ಕಣ್ಣಾರೆ ಕಂಡದ್ದು ಅಂದೇ.

ಅದರ ಸದ್ದು ಮುಧೋಳಕ್ಕೆ ಮುಟ್ಟಿತು. ಸಾಹೇಬರಿಗೆ ಇಂಥ ವಿಷಯದಲ್ಲಿ ಮೂಗು ಚುರುಕು. “ಛಲೋ ಐಡಿಯಾ ಐತಿ. ದೊಡ್ಡದಾಗಿ ಮಾಡೂಣು,” ಎಂದರು. ತಿಂಗಳೊಳಗೆ ಅದೇ ಹೊಲದಲ್ಲಿ ಕ್ಷೇತ್ರೋತ್ಸವ ಗೊತ್ತಾಯಿತು. ಹಿಂದಿನ ದಿನ ನಾನು ಬೀಳಗಿಯಲ್ಲಿ ಊಟದ ವ್ಯವಸ್ಥೆಗೆ ಓಡಾಡುತ್ತಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಶಾಮಿಯಾನ, ಕೆಂಪು ಜಮಖಾನೆ, ಸಾಲು ಕುರ್ಚಿ. ಗುಂಡಿ ಕಾಣಲಿಲ್ಲ. ಗಣ್ಯರ ಕುರ್ಚಿ ಅಲುಗಾಡಬಾರದೆಂದು ಸಾಹೇಬರು ಅದನ್ನು ಮುಚ್ಚಿಸಿ, ಮೇಲೆ ವೇದಿಕೆ ಕಟ್ಟಿಸಿದ್ದರು.

ನನಗೆ ನಗು ಬಂತೋ ಸಿಟ್ಟು ಬಂತೋ ಈಗಲೂ ತಿಳಿಯದು. ಸನ್ಮಾನ ಶುರುವಾದಾಗ ಸಾಹೇಬರು ಅಕ್ಕನನ್ನು ಮೇಲೆ ಕರೆದರು. ಅವಳು ಶಾಲು ಹೊದೆಸಿಕೊಳ್ಳಲಿಲ್ಲ. ಮೈಕು ತನ್ನ ಕಡೆ ತಿರುಗಿಸಿಕೊಂಡು ಅಂದಳು: “ಸಾಹೇಬ್ರ, ನಾವು ಕಲಿತ ಸಾಲಿ ನಿಮ್ಮ ಕುರ್ಚಿ ಕೆಳಗ ಐತ್ರಿ. ನೀವು ಕೂಡ್ರಿ. ನಾವು ಅತ್ಲಾಗ ಇನ್ನೊಂದು ತೋಡತೇವಿ.”

ಇಳಿದು ಹೊರಟಳು. ಮೊದಲು ಹೆಂಗಸರು ಎದ್ದರು, ಆಮೇಲೆ ಹಿಂದಿನ ಸಾಲು, ಆಮೇಲೆ ಎಲ್ಲರೂ. ಸಾಹೇಬರು ಖಾಲಿ ಕುರ್ಚಿಗಳ ಎದುರು ತಮ್ಮ ಭಾಷಣ ಪೂರ್ತಿ ಓದಿದರು. ಒಂದು ಪುಟವನ್ನೂ ಬಿಡಲಿಲ್ಲ. ಸಂಜೆ ಜೀಪಿನಲ್ಲಿ, “ಮಂದಿ ಚಂದ ಕೂಡಿತ್ತು, ಅಲ್ಲೇನೋ?” ಎಂದು ನನ್ನನ್ನೇ ಕೇಳಿದರು.

ಅಕ್ಕನ ಹೊಲಕ್ಕೆ ಬಸಿಗಾಲುವೆ ಆಯಿತು. ಕೆಲವು ವರ್ಷಗಳಲ್ಲಿ ಮಣ್ಣು ಮತ್ತೆ ಕಪ್ಪಾಯಿತು. ಸಾಹೇಬರು ನಿವೃತ್ತರಾದರು, ಹೋದ ವರ್ಷ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲೂ ಗಣ್ಯರು ತಡವಾಗಿ ಬಂದರು, ಎಲ್ಲರೂ ಕಾದೆವು.

ಈಗ ಕೇಂದ್ರ ನನ್ನ ಕೈಯಲ್ಲಿದೆ. ವೇದಿಕೆ ತೆಗೆಸಿದ್ದೇನೆ, ಕುರ್ಚಿ ದುಂಡಗೆ ಹಾಕಿಸುತ್ತೇನೆ, ಮೊದಲ ಮಾತು ಬಂದವರದೇ. ಜನರನ್ನು ಕರೆಯಲು ಮೊಬೈಲಿನಲ್ಲಿ ಒಂದು ಸಂದೇಶ ಕಳಿಸುತ್ತೇವೆ, ಅಷ್ಟೇ. ನಿನ್ನೆ ಬೀಳಗಿಯಲ್ಲಿ ಅಂಥದೊಂದು ಕೂಟವಿತ್ತು. ದುಂಡಗಿನ ಕುರ್ಚಿಗಳಲ್ಲಿ ಹೆಚ್ಚಿನವು ಖಾಲಿ ಇದ್ದವು. ಬಂದವರಲ್ಲಿ ರಬಕವಿಯ ಹಿರಿಯರೊಬ್ಬರು ಅತ್ತಿತ್ತ ನೋಡಿ ಕೇಳಿದರು:

“ಸಾಹೇಬ್ರು ಹ್ವಾದ್ರಂತ ಖರೇನ? ಅವ್ರು ಮನೀಗೆ ಫೋನ್ ಹಚ್ಚತಿದ್ರು ನೋಡ್ರಿ. ಎಮ್ಮಿ ಕರ ಹಾಕೇತೇನು, ಮೊಮ್ಮಗನ ಜ್ವರ ಇಳದಾವೇನು ಅಂತ ಕೇಳಿ, ಆಮ್ಯಾಲ ಬರ್ರಿ ಅಂತಿದ್ರು. ಹಂಗ ಕರದ್ರ ಬಾರದ ಇರಾಕ ಆಗತಿದ್ದಿಲ್ಲ.”

ಹೌದು. ಎಷ್ಟೋ ಸಂಜೆ ಕೇಂದ್ರದ ತಮ್ಮ ಕೋಣೆಯಲ್ಲಿ ಅವರು ಒಬ್ಬೊಬ್ಬರಿಗೂ ಫೋನ್ ಮಾಡುತ್ತ ಕೂತದ್ದನ್ನು ನಾನು ಕಂಡಿದ್ದೆ. ಅದೂ ಡೌಲೇ ಎಂದು ಒಳಗೊಳಗೆ ನಕ್ಕಿದ್ದೆ. ಆ ಮನುಷ್ಯನ ಮೇಲಿನ ನನ್ನ ತಾತ್ಸಾರ ಇಂದಿಗೂ ಕರಗಿಲ್ಲ, ಕರಗುವ ಹಾಗೂ ಇಲ್ಲ. ಜನರನ್ನು ಕೂಡಿಸಿ ಅವರ ಹೊತ್ತನ್ನೆಲ್ಲ ಹಾಳು ಮಾಡಿದರು. ಆದರೆ ಕೂಡಿಸುತ್ತಿದ್ದರು... ಅದು ನನಗೆ ಬರುವುದಿಲ್ಲ, ಕಲಿಯೋಣವೆಂದರೆ ಅವರಿಲ್ಲ.