ಟೈಲರ್ ಮಾವ ಓದಿದ ಕಾಗದ

ಮೊನ್ನೆ ನಮ್ಮ ಬೀದಿಯ ಇಸ್ತ್ರಿಯವನು ಯಾರದೋ ಉಣ್ಣೆ ಕೋಟಿಗೆ ನೀರು ಚಿಮುಕಿಸಿ ಕೆಂಡದ ಪೆಟ್ಟಿಗೆ ಇಟ್ಟ. ಒದ್ದೆ ಉಣ್ಣೆ ಕಾಯುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮೈಸೂರಿನಲ್ಲಿರಲಿಲ್ಲ. ತಮಿಳು ಸೀಮೆಯ ನಮ್ಮೂರು ಕಾಮಯಗೌಂಡನ್‌ಪಟ್ಟಿಯಲ್ಲಿ ಟೈಲರ್ ಮಾವನ ಜಗಲಿಯ ಮೇಲೆ, ಹತ್ತೊಂಬತ್ತು ವರ್ಷದವನಾಗಿ, ಎರಡೂ ಕೈ ಚಾಚಿ ಅಳತೆ ಕೊಡುತ್ತ ನಿಂತಿದ್ದೆ.

ಮಾವ ಎಂದರೆ ಸ್ವಂತ ಮಾವನಲ್ಲ. ನಮ್ಮ ಜನದವನು, ಮೂರು ಮನೆ ಆಚೆಯವನು. ಊರಿಗೆಲ್ಲ ಅಂಗಿ, ಜಂಪರು ಹೊಲಿಯುತ್ತಿದ್ದ, ಕೋಟು ಹೊಲಿದವನಲ್ಲ. ಅರವತ್ತರ ದಶಕದ ಕೊನೆ ಅದು. ಜಾಂಬಿಯಾ ದೇಶದಲ್ಲಿ ಮೇಷ್ಟರಾಗಿದ್ದ ನಮ್ಮ ಚಿಕ್ಕಪ್ಪ ಲುಸಾಕಾದ ಕಾಲೇಜಿನಲ್ಲಿ ನನಗೊಂದು ಸೀಟು ಹಿಡಿದು, ಬರುವಾಗ ಕೋಟು ಮರೆಯಬೇಡ, ಇಲ್ಲಿ ಚಳಿ ಎಂದು ಬರೆದಿದ್ದ. ಊರಿನಲ್ಲಿ ಯಾರೂ ನಂಬಲಿಲ್ಲ. ಆಫ್ರಿಕಾದಲ್ಲಿ ಚಳಿ ಎಂದರೆ ಯಾರು ನಂಬುತ್ತಾರೆ? ಟೈಲರ್ ಮಾವ ಮಾತ್ರ ಬೋಡಿನಾಯಕನೂರಿಗೆ ಬಸ್ಸು ಹತ್ತಿ, ಏಲಕ್ಕಿ ಎಸ್ಟೇಟಿನ ದೊರೆಯೊಬ್ಬ ಬಿಟ್ಟುಹೋಗಿದ್ದ ಹಳೆ ಕೋಟು ತಂದ. ಅದನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ ನೋಡಿ ಕಲಿತು, ನನಗೊಂದು ಹೊಲಿದ.

"ಒಳಗ ಎರಡು ಬೆರಳು ಬಟ್ಟೆ ಮಡಿಚಿ ಬುಟ್ಟಿದೀನಿ ತಂಬಿ. ಮೈ ಬಂದ್ರ ಬಿಚ್ಚಿಕೊ," ಅಂದ. ಅವನು ಹೊಲಿದ ಯಾವ ಬಟ್ಟೆಯಲ್ಲೂ ಹಾಗೆ ಒಳಗೊಂದಿಷ್ಟು ಮಡಿಕೆ ಇರುತ್ತಿತ್ತು.

ನಾವು ಮನೆಯಲ್ಲಿ ಆಡುವುದು ಕನ್ನಡ, ಬರೆಯುವುದು ತಮಿಳು. ಕನ್ನಡದ ಅಕ್ಷರವನ್ನು ನಾನು ತಿದ್ದಿದ್ದು ಮೂವತ್ತು ದಾಟಿ, ಮೈಸೂರಿನಲ್ಲಿ ಕೆಲಸ ಸಿಕ್ಕ ಮೇಲೆ. ಅಮ್ಮನಿಗಂತೂ ಯಾವ ಅಕ್ಷರವೂ ಬಾರದು. ಅಪ್ಪ ಇರಲಿಲ್ಲ. ಹಾಗಾಗಿ ನನ್ನ ಕಾಗದ ಓದಿ ಹೇಳುವುದು, ಅವಳು ಹೇಳಿದ್ದನ್ನು ಬರೆದು ಕಳಿಸುವುದು ಎರಡೂ ಟೈಲರ್ ಮಾವನ ಪಾಲಿಗೆ ಬಂತು. ತಮಿಳಿನ ಕಾಗದವನ್ನು ಅವನು ನಮ್ಮ ಮಾತಿಗೆ ತಿರುಗಿಸಿಯೇ ಓದುತ್ತಿದ್ದ. ಅಮ್ಮನಿಗೆ ತಮಿಳು ತಿಳಿಯದೆಂದಲ್ಲ. ತಮಿಳಿನಲ್ಲಿ ಓದಿದರೆ ತಾಲೂಕು ಕಚೇರಿಯ ನೋಟೀಸು ಕೇಳಿದ ಹಾಗಾಗುತ್ತದೆ ಎನ್ನುತ್ತಿದ್ದ.

ಬೊಂಬಾಯಿಯಿಂದ ಹಡಗು, ಆಮೇಲೆ ಮುಗಿಯದ ಬಸ್ಸು... ಲುಸಾಕಾ ಮುಟ್ಟಿದಾಗ ಮಾರ್ಚ್ ತಿಂಗಳು, ಮಳೆ ಹಿಂದೆಗೆಯುತ್ತಿತ್ತು. ಚಿಕ್ಕಪ್ಪ ಇದ್ದದ್ದು ತಾಮ್ರದ ಗಣಿಗಳ ಕಡೆ, ಇಡೀ ದಿನದ ದಾರಿ. ನನ್ನನ್ನು ಹಾಸ್ಟೆಲಿಗೆ ಬಿಟ್ಟು ಹೊರಟೇಹೋದ. ಕೋಣೆಯ ಜೊತೆಗಾರ ಉತ್ತರದ ಹಳ್ಳಿಯ ಹುಡುಗ, ಒಳ್ಳೆಯವನು. ಅವನು ಕೇಳಿದ ಮೊದಲ ಪ್ರಶ್ನೆ, ನಿಮ್ಮಪ್ಪನ ಅಂಗಡಿ ಯಾವ ಬೀದಿಯಲ್ಲಿದೆ ಎಂದು. ಆ ಊರಿನಲ್ಲಿ ಅವನು ಕಂಡ ಇಂಡಿಯಾದವರೆಲ್ಲ ಅಂಗಡಿಯವರೇ. ನಮ್ಮದು ದ್ರಾಕ್ಷಿ ಚಪ್ಪರ, ಅದೂ ಅರ್ಧ ಎಕರೆ ಎಂದರೆ ಅವನು ನಂಬದೆ ನಕ್ಕ.

ಊಟಕ್ಕೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ನಮ್ಮೂರಿನ ಕಳಿಮುದ್ದೆಯ ಅಣ್ಣನೋ ತಮ್ಮನೋ ಆಗಿದ್ದುದರಿಂದ ಗಂಟಲಿಗೆ ಇಳಿಯುತ್ತಿತ್ತು. ಜೊತೆಗಿಟ್ಟ ಮಾಂಸ ಯಾವುದರದೋ ಎಂಬ ಹೆದರಿಕೆಗೆ ಸೊಪ್ಪು ಮಾತ್ರ ನೆಂಚಿಕೊಂಡು ಏಳುತ್ತಿದ್ದೆ. ಅದನ್ನೂ ತಡೆಯಬಹುದಿತ್ತು. ತಡೆಯಲಾಗದ್ದು ಪಾಠ. ತಮಿಳಿನಲ್ಲಿ ಓದಿ ಬಂದವನಿಗೆ ಆ ಇಂಗ್ಲಿಷ್ ಗೋಡೆಯ ಆಚೆಯಿಂದ ಕೇಳಿಸುತ್ತಿತ್ತು. ಎಲ್ಲರೂ ಬರೆದುಕೊಳ್ಳುವಾಗ ನಾನೂ ತಲೆ ತಗ್ಗಿಸಿ ಪುಸ್ತಕದಲ್ಲಿ ಗೀಟು ಎಳೆಯುತ್ತಿದ್ದೆ. ಬಂದು ತಿಂಗಳು ತುಂಬಿದ ಮೇಲೆ ಪರೀಕ್ಷೆ, ಅದರಲ್ಲಿ ತಪ್ಪಿದವರು ಮನೆಗೆ ಎಂದು ಹುಡುಗರು ಮಾತಾಡಿಕೊಳ್ಳುತ್ತಿದ್ದರು. ಅವರು ಕಳಿಸುವ ಮೊದಲು ನಾನೇ ಹೊರಡುವುದು ಮರ್ಯಾದೆ ಎಂದು ತೋರಿತು. ಒಂಬತ್ತನೆಯ ದಿನ ಅಮ್ಮನಿಗೆ ಬರೆದೆ: ಇಲ್ಲಿ ನನ್ನಿಂದಾಗದು. ಪಾಠ ಒಂದಕ್ಷರ ತಿಳಿಯುತ್ತಿಲ್ಲ. ನಿನ್ನ ಒಂದು ಮಾತಿಗೆ ಕಾದಿದ್ದೇನೆ. ಕೊನೆಗೆ ಒಂದೇ ಪದ, 'ವರುಗಿರೇನ್'. ಬರುತ್ತೇನೆ.

ಕಾಗದ ಹಾಕಿ ಬಂದು ಟ್ರಂಕಿಗೆ ಹಗ್ಗ ಬಿಗಿದೆ. ಮೂರು ವಾರ ಹಗ್ಗ ಬಿಚ್ಚದೆ, ಹೊರಗಿಟ್ಟುಕೊಂಡ ಎರಡೇ ಅಂಗಿಯಲ್ಲಿ ದಿನ ತಳ್ಳಿದೆ. ದಿನಾ ಮಧ್ಯಾಹ್ನ ಹಾಸ್ಟೆಲಿನ ಟಪಾಲು ಮೇಜಿನ ಹತ್ತಿರ ಹೋಗಿ ನಿಲ್ಲುವುದು, ಬರಿಗೈಯಲ್ಲಿ ಬರುವುದು. ಅಮ್ಮ ಬೇಡವೆಂದರೆ ಏನು ಗತಿ, ಬಾ ಎಂದರೆ ಊರಿನಲ್ಲಿ ಯಾವ ಮುಖ ತೋರಿಸಲಿ... ಎರಡಕ್ಕೂ ಹೆದರಿಕೆ.

ಪರೀಕ್ಷೆಗೆ ಎರಡು ದಿನವಿದ್ದಾಗ ಉತ್ತರ ಬಂತು. ಟೈಲರ್ ಮಾವನ ಗುಂಡು ಅಕ್ಷರ. ಕಾಗದದ ತುಂಬ ಮಳೆ, ದ್ರಾಕ್ಷಿ, ಎಮ್ಮೆ. ಕೊನೆಗೆ: "ಆಗಲಿ ನನ್ನ ಕಣ್ಣೇ. ಹೋಗಿ ಬಾ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೊಸ್ತಿಲು ದಾಟುವಾಗ ನಮ್ಮಲ್ಲಿ ಯಾರಾದರೂ ಹೋಗುತ್ತೇನೆ ಎನ್ನುವುದುಂಟೆ? ಬರುತ್ತೇನೆ ಎನ್ನುತ್ತೇವೆ, ಇದ್ದವರು ಹೋಗಿ ಬಾ ಎನ್ನುತ್ತಾರೆ. ವಾಪಸು ಬರುತ್ತೇನೆಂದು ನಾನು ಅತ್ತುಕೊಂಡು ಬರೆದರೆ, ಅಮ್ಮ ಅದನ್ನು ಹೊರಡುವವನ ಮಾತೆಂದುಕೊಂಡು ಬೀಳ್ಕೊಟ್ಟಿದ್ದಳು. ಅವಳ ಮೇಲೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಅಷ್ಟು ನಂಬಿ ಕಳಿಸಿದವಳ ಎದುರು ಹೋಗಿ ನಿಲ್ಲುವುದು ಹೇಗೆ? ಹಗ್ಗ ಬಿಚ್ಚಿದೆ. ಜೊತೆಗಾರನ ಮುಂದೆ ನನ್ನ ಗೀಟಿನ ಪುಸ್ತಕ ಬಿಚ್ಚಿಟ್ಟು, ಏನೂ ತಿಳಿಯುತ್ತಿಲ್ಲ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವನು ಎರಡು ದಿನ ಕೂರಿಸಿಕೊಂಡು ತಿಕ್ಕಿದ. ಪರೀಕ್ಷೆಯಲ್ಲಿ ತಪ್ಪಲಿಲ್ಲ, ಅಂಚಿನಲ್ಲಿ ದಾಟಿದೆ.

ನಾಲ್ಕು ವರ್ಷದ ಮೇಲೆ ಊರಿಗೆ ಬಂದಾಗ, ಆ ಕಾಗದವನ್ನು ಅಮ್ಮನಿಗೆ ಹೇಗೆ ಓದಿದೆ ಎಂದು ಟೈಲರ್ ಮಾವನನ್ನು ಕೇಳಿದೆ. ಅವನು ಸೂಜಿಗೆ ದಾರ ಪೋಣಿಸುತ್ತಿದ್ದವನು ತಲೆ ಎತ್ತಲಿಲ್ಲ.

"ನೀ ಬತ್ತೀನಿ ಅಂತ ಬರೆದಿದ್ದೆ, ನಾ ಬತ್ತೀನಿ ಅಂತಾನೇ ಓದಿದೆ. ನಡುವೆ ಬಟ್ಟೆ ಜಾಸ್ತಿ ಇತ್ತು ತಂಬಿ. ಒಳಗ ಮಡಿಚಿ ಹೊಲಿದೆ."

ನನ್ನ ಅಳುವಿನ ಸಾಲುಗಳನ್ನು ಓದದೆ ಬಿಟ್ಟಿದ್ದ ಎಂದುಕೊಂಡು ನಾನು ನಕ್ಕೆ. ಅವನೂ ನಕ್ಕ. ಅವನ ಕಾಲು ಮುಟ್ಟಿ ನಮಸ್ಕಾರ ಮಾಡಬೇಕೆನಿಸಿತು, ಮಾಡಲಿಲ್ಲ. ಮುಂದಿನ ಸಲ ಬರುವಷ್ಟರಲ್ಲಿ ಅವನು ತೀರಿಕೊಂಡಿದ್ದ.

ಅಮ್ಮ ಮೈಸೂರಿಗೆ ಬಂದು ನಮ್ಮ ಜೊತೆ ಇದ್ದದ್ದು ಬಹಳ ವರ್ಷ ಕಳೆದ ಮೇಲೆ. ಒಂದು ದಿನ ಅವರೆಕಾಯಿ ಬಿಡಿಸುತ್ತ ಕೂತವಳು, ಯಾವ ಮಾತಿಗೋ ಲುಸಾಕಾದ ಸುದ್ದಿ ಬಂದು, ತಾನಾಗಿ ಹೇಳಿದಳು:

"ನೀ ಬರೆದ ಆ ಮೊದಲ ಕಡುದಾಸಿ ಓದ್ವಾಗ ಟೈಲರಣ್ಣನ ದನಿ ಸರಿ ಇರ್ಲಿಲ್ಲ. ಬತ್ತೀನಿ ಅಂದ, ನನಗ ತಿಳಿದೋತು, ಮಗ ಅಳ್ತಾನೆ ಅಂತ. 'ಬಾ' ಅಂತ ಒಂದೇ ಮಾತು ಬರಿ ಅಂದೆ. ಬರೆದೆ ಅಂದ. ಚಿತ್ರೆ ತಿಂಗಳು ಓಗೋಗಂಟ ದಿನಾ ಸಾಯಂಕಾಲ ಬಸ್ಸು ನೋಡ್ದೆ. ನೀ ಬರ್ಲಿಲ್ಲ. ಓದು ಪಡಿಪ್ಪು ದೊಡ್ಡದು ಅಂತ ಬುಟ್ಟೆ."

ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. ಕೈ ಕಾಯಿ ಬಿಡಿಸುತ್ತಲೇ ಇತ್ತು. ನಾನು ಬರೆದದ್ದು ಬರುತ್ತೇನೆ, ಅವಳು ಹೇಳಿದ್ದು ಬಾ. 'ಹೋಗಿ' ಎನ್ನುವುದು ನಮ್ಮಿಬ್ಬರದೂ ಅಲ್ಲ, ಅವನದು.

ಹೇಳಲು ಬಾಯಿ ತೆರೆದೆ. ಆದರೆ ಅವನನ್ನು ಅವಳು ಒಡಹುಟ್ಟಿದವನೆಂದೇ ನಂಬಿದ್ದಳು. ಸತ್ತವನು ಎದ್ದು ಬಂದು ತನ್ನ ಪರವಾಗಿ ಒಂದು ಮಾತು ಹೇಳುವ ಹಾಗಿರಲಿಲ್ಲ. "ಹೂಂ ಅಮ್ಮ, ಪರೀಕ್ಷೆ ಇತ್ತು," ಅಂದೆ.

ಈಗ ಅಮ್ಮನೂ ಇಲ್ಲ. ಟೈಲರ್ ಮಾವನ ಮೇಲೆ ಸಿಟ್ಟು ಮಾಡಲು ನನಗೆ ಬಾಯಿಲ್ಲ, ನಾನು ತಿಂದ ಅನ್ನವೆಲ್ಲ ಅವನು ಬರೆದ ಆ ಒಂದು ಪದದಿಂದ ಬಂದದ್ದು. ಆದರೂ ಎದೆ ಉರಿಯುತ್ತದೆ... ಕರೆದರೂ ಬಾರದ ಮಗನನ್ನು ಅವಳು ಕ್ಷಮಿಸಿ ಹೋದಳು. ಆ ಕರೆ ನನಗೆ ಮುಟ್ಟಲೇ ಇಲ್ಲವೆಂದು ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ.