ಸೋಡಾ ಎಂದು ನಾನು ಕರೆದ ಗಾಳಿ

ಶಿಕಾರಿಪುರದಲ್ಲಿ ನಾನು ಕೆಲಸ ಮಾಡುವ ಚಿಕಿತ್ಸಾ ಕೇಂದ್ರ ಒಂದು ಬಾಡಿಗೆ ಮನೆಯಲ್ಲಿದೆ. ಮುಂದಿನ ಕೋಣೆಯಲ್ಲಿ ಡಾಕ್ಟರು ಕೂರುತ್ತಾರೆ. ನಡುವಿನ ಕೋಣೆಯಲ್ಲಿ ಎಣ್ಣೆ ತಿಕ್ಕುವ ಎರಡು ಮರದ ಮಂಚಗಳಿವೆ. ಹಿಂದಿನ ಸಣ್ಣ ಕೋಣೆಯಲ್ಲಿ ಒಂದು ತೊಟ್ಟಿ, ಅದರ ಪಕ್ಕ ಗೋಡೆಗೆ ಸರಪಳಿ ಬಿಗಿದು ನಿಲ್ಲಿಸಿದ ಒಂದು ಸಿಲಿಂಡರು. ಆ ಕೋಣೆಯ ಜವಾಬ್ದಾರಿ ನನ್ನದಾಗಿತ್ತು. ಅಲ್ಲಿ ನಡೆದದ್ದನ್ನು ಬರೆಯಬೇಕೆಂದು ಈ ವರ್ಷ ಮೂರು ಸಲ ಕೂತು, ಮೂರು ಸಲವೂ ಎದ್ದುಹೋಗಿದ್ದೇನೆ.

ಸಿಲಿಂಡರಿನಲ್ಲಿರುವುದು ಇಂಗಾಲದ ಡೈಆಕ್ಸೈಡ್. ಉಗುರುಬೆಚ್ಚಗಿನ ನೀರಿಗೆ ಅದನ್ನು ಕೊಳವೆಯಲ್ಲಿ ಬಿಟ್ಟರೆ ಕರಗುತ್ತದೆ. ಆ ನೀರಿನಲ್ಲಿ ಕೂತವರ ಚರ್ಮದ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಸ್ವಲ್ಪ ಹೊತ್ತಿಗೆ ಚರ್ಮ ಕೆಂಪಾಗುತ್ತದೆ, ರಕ್ತನಾಳಗಳು ಹಿಗ್ಗಿವೆ ಎಂದು ಅರ್ಥ. ಕಾಲಿಗೆ ರಕ್ತ ಸರಿಯಾಗಿ ಇಳಿಯದವರಿಗೆ ಡಾಕ್ಟರು ಇದನ್ನು ಹೇಳುತ್ತಾರೆ. ಹೃದಯ ಸೋತವರಿಗೆ, ಉಸಿರಿನ ಕಾಯಿಲೆಯವರಿಗೆ ಕೊಡುವುದಿಲ್ಲ. ಮೊದಲು ಪರೀಕ್ಷೆ ಮಾಡಿ, ಕೇಳಿ, ಆಮೇಲೆಯೇ ನನ್ನ ಹತ್ತಿರ ಕಳಿಸುತ್ತಾರೆ.

ಚರ್ಮಕ್ಕೆ ಆಗಿಬರುವ ಇದು ಉಸಿರಿಗೆ ಆಗಿಬರುವುದಿಲ್ಲ. ನಾವು ಉಸಿರಾಡುವ ಗಾಳಿಗಿಂತ ಭಾರ. ತೊಟ್ಟಿಯ ಅಂಚು ದಾಟಿ ಇಳಿದು, ನೆಲದ ಮೇಲೆ ನೀರು ನಿಂತ ಹಾಗೆ ನಿಲ್ಲುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಅದಕ್ಕೇ ತೊಟ್ಟಿಯ ಮೇಲೆ ಕತ್ತಿನ ತನಕ ರೆಕ್ಸಿನ್ ಹೊದಿಕೆ ಇರುತ್ತದೆ. ನೆಲದಿಂದ ಒಂದು ಗೇಣು ಮೇಲೆ ಗೋಡೆಯಲ್ಲಿ ಕಿಂಡಿ, ಕಿಂಡಿಯಲ್ಲಿ ಗಾಳಿಯನ್ನು ಹೊರಕ್ಕೆ ಎಳೆಯುವ ಫ್ಯಾನು. ಫ್ಯಾನು ನಿಂತರೆ ಮೊದಲು ಸಿಲಿಂಡರು ಮುಚ್ಚಬೇಕು, ಬಾಗಿಲು ತೆಗೆಯಬೇಕು, ಎಲ್ಲರನ್ನೂ ಹೊರಗೆ ಕರೆತರಬೇಕು. ಯಾರೂ ನೆಲದ ಮೇಲೆ ಕೂರಬಾರದು. ಒಳಗೆ ಮನುಷ್ಯರಿರುವಾಗ ನಾನು ಆ ಕೋಣೆ ಬಿಟ್ಟು ಹೋಗಬಾರದು. ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಬಂದವರಿಗೆ ಅದರ ದೊಡ್ಡ ಹೆಸರು ಹೇಳಿದರೆ ಗಾಬರಿಯಾಗುತ್ತಿದ್ದರು. ಒಬ್ಬರಂತೂ ಸೀರೆ ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿಗೇ ಹೊರಟರು. ಹಾಗಾಗಿ ನಾನು ‘ಸೋಡಾ ಗಾಳಿ’ ಅನ್ನತೊಡಗಿದೆ. ‘ಗೋಲಿ ಸೋಡಾದಲ್ಲಿ ಇರೋದೇ ರೀ, ಏನೂ ಆಗಲ್ಲ.’ ಹೇಳಿದ್ದು ಸುಳ್ಳಲ್ಲ. ಆ ಮಾತಿಗೆ ಎಲ್ಲರೂ ನಕ್ಕು, ಕಾಲು ತೊಟ್ಟಿಗೆ ಇಡುತ್ತಿದ್ದರು. ಸ್ನಾನಕ್ಕೆ ‘ಸೋಡಾ ಸ್ನಾನ’ ಎಂದೇ ಹೆಸರಾಯಿತು.

ಕಳೆದ ಶ್ರಾವಣದಲ್ಲಿ ಸೊರಬದ ಕಡೆಯಿಂದ, ಗುಡವಿಯ ಆಚೆಯ ಹಳ್ಳಿಯಿಂದ, ಅರವತ್ತು ದಾಟಿದ ಒಬ್ಬ ಅಮ್ಮ ಬಂದರು. ನೂರು ಹೆಜ್ಜೆ ನಡೆದರೆ ಮೀನಖಂಡ ಹಿಡಿದು ನಿಂತುಬಿಡುತ್ತಿದ್ದರು. ಎರಡು ವಾರ ಶಿಕಾರಿಪುರದಲ್ಲಿ ತಂಗಿಯ ಮನೆಯಲ್ಲಿದ್ದು ಚಿಕಿತ್ಸೆ ತೆಗೆದುಕೊಳ್ಳುವುದೆಂದು ತೀರ್ಮಾನವಾಗಿತ್ತು. ಜೊತೆಗೆ ಸೊಸೆ. ಮೂವತ್ತರ ಆಸುಪಾಸು, ಒಳ್ಳೆಯ ಹೊಲಿಗೆಯವಳು. ಹೊಲಿದ ರವಿಕೆಗಳನ್ನು ಚೀಲದಲ್ಲಿ ತಂದು, ಅತ್ತೆ ನೀರಿನಲ್ಲಿರುವಾಗ ಹುಕ್ಕು ಹಾಕುತ್ತ ಕೂರುತ್ತಿದ್ದಳು.

ಮೊದಲ ದಿನ ಸೋಡಾ ಎಂದಾಗ ಅಮ್ಮ ಕೇಳಿದರು: “ಕುಡಿದ್ರೆ ತೇಗು ಬರ್ತದೆ. ಇದ್ರಲ್ಲಿ ಕೂತ್ರೆ ಎಂತ ಬರ್ತದೆ ಮಾರಾಯ್ತಿ?”

ಸೊಸೆ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು. ನಾನೂ ನಕ್ಕೆ.

ಅವಳಿಗೆ ನಾನು ಕುರ್ಚಿ ಹಾಕಿಕೊಟ್ಟಿದ್ದೆ. “ಕುರ್ಚಿ ಮೇಲೇ ಕೂತ್ಕೋ, ಕೆಳಗೆ ಬೇಡ” ಎಂದು ಪ್ರತಿ ದಿನ ಹೇಳುತ್ತಿದ್ದೆ.

“ಅತ್ತೆ ಎದುರಿಗೆ ಕುರ್ಚಿ ಮೇಲೆ ಕೂತು ಅಭ್ಯಾಸ ಇಲ್ಲ ಅಕ್ಕಾ.”

“ಕೂರೇ. ನಾನೆಂತ ತಹಸೀಲ್ದಾರನಾ?” ಎಂದು ಅತ್ತೆಯೇ ಗದರುತ್ತಿದ್ದರು.

ಕೂರುತ್ತಿದ್ದಳು. ನಾನು ಬೆನ್ನು ತಿರುಗಿಸಿದರೆ ಮೆಲ್ಲಗೆ ಜಾರಿ ತೊಟ್ಟಿಗೆ ಒರಗಿ ನೆಲದ ಮೇಲೆ ಇರುತ್ತಿದ್ದಳು. ಎರಡು ಸಲ ನೋಡಿ ಎಬ್ಬಿಸಿದ್ದೆ. ಯಾಕೆ ಕೂರಬಾರದು ಎಂದು ಮಾತ್ರ ಒಂದು ಸಲವೂ ಹೇಳಲಿಲ್ಲ. ನೆಲ ಒದ್ದೆ ಇರುತ್ತದೆ, ಅದಕ್ಕೇ ಎಂದುಕೊಂಡಿದ್ದಳಂತೆ.

ಅದು ಆರನೆಯ ಸ್ನಾನ. ಸೋಮವಾರ. ಹತ್ತು ನಿಮಿಷ ಆಗಿತ್ತು, ಇನ್ನು ಹತ್ತು ಉಳಿದಿತ್ತು. ಕರೆಂಟು ಹೋಯಿತು. ಫ್ಯಾನು ನಿಂತಿತು. ನಾನು ಸಿಲಿಂಡರಿನ ತಿರುಪಿಗೆ ಕೈ ಹಾಕಿದೆ. ಸಣ್ಣಗೆ ಮಾಡಿದೆ, ಮುಚ್ಚಲಿಲ್ಲ. ಕರೆಂಟು ಈಗ ಬಂದುಬಿಡುತ್ತದೆ, ಮತ್ತೆ ಮೊದಲಿನಿಂದ ಹದ ಮಾಡುವುದು ಯಾಕೆ ಎಂದುಕೊಂಡೆ. ಫ್ಯಾನು ನಿಂತಿದ್ದರಿಂದ ಹೊರಗಿನ ಗಾಳಿ ಕಿಂಡಿಯಿಂದ ಒಳಕ್ಕೆ ಬರತೊಡಗಿತು.

“ತಂಗೀ, ಆ ಕಿಂಡಿಯಿಂದ ಥಂಡಿ ಹೊಡೀತದೆ. ಒದ್ದೆ ಮೈಗೆ ಗಾಳಿ ಸೋಕಬಾರದು. ಮುಚ್ಚಬಾರದಾ?” ಎಂದರು ಅಮ್ಮ.

ಒದ್ದೆ ಮೈಗೆ ಗಾಳಿ ಸೋಕಬಾರದು. ನನ್ನ ಅಮ್ಮನೂ ಬಚ್ಚಲಿನ ಕಿಟಕಿಗೆ ಗೋಣಿ ತುರುಕಿಯೇ ನಮಗೆ ಎಣ್ಣೆನೀರು ಹಾಕುತ್ತಿದ್ದದ್ದು. ಬಾಣಂತಿಯ ಕೋಣೆಯಲ್ಲಿ ನಾನೇ ಎಷ್ಟೋ ಸಲ ಬಾಗಿಲ ಸಂದಿಗೆ ಬಟ್ಟೆ ಇಟ್ಟಿದ್ದೇನೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ಕೈ ಹೋಗುತ್ತದೆ. ನಾನು ಒಂದು ದಪ್ಪ ಟವೆಲ್ಲು ಮಡಚಿ ಕಿಂಡಿಗೆ ತುರುಕಿದೆ. ಒಣಗಿದ ಟವೆಲ್ಲು ತರಲು ಹಿತ್ತಿಲಿಗೆ ಹೊರಟೆ. ಹೋಗುವಾಗ, ಥಂಡಿ ಬರದಿರಲಿ ಎಂದು, ಬಾಗಿಲನ್ನೂ ಎಳೆದುಕೊಂಡೆ.

ಹಿತ್ತಿಲಲ್ಲಿ ಪಕ್ಕದ ಮನೆಯಾಕೆ, “ನಿಮ್ಮಲ್ಲೂ ಕರೆಂಟ್ ಇಲ್ಲೇನ್ರೀ?” ಎಂದು ಮಾತಿಗೆ ನಿಂತರು. ಗಡಿಯಾರ ನೋಡಿರಲಿಲ್ಲ. ಏಳೆಂಟು ನಿಮಿಷ ಇರಬಹುದು. ಕಡಿಮೆ ಹೇಳಿಕೊಳ್ಳುವ ಆಸೆ ನನಗಿದೆ, ಆದ್ದರಿಂದ ಹತ್ತು ಎಂದೇ ಬರೆಯುತ್ತೇನೆ.

ಹಿಂತಿರುಗುವಾಗ ಬಾಗಿಲಿನಾಚೆ ಅಮ್ಮನ ದನಿ ಕೇಳಿತು. “ಏಯ್, ಸೂಜಿ ಹಿಡ್ಕಂಡೇ ನಿದ್ದೆ ಹೊಡೀತಿದೀಯನೇ? ನಿನ್ನ ಅಪ್ಪನ ಮನೆ ಅಂದ್ಕಂಡ್ಯಾ?”

ಬಾಗಿಲು ತೆಗೆದೆ. ಅಮ್ಮನ ತಲೆ ನೆಲದಿಂದ ಮೂರು ಅಡಿ ಮೇಲಿತ್ತು, ಆ ಗಾಳಿ ಅಲ್ಲಿಗೆ ಏರಿರಲಿಲ್ಲ. ಸೊಸೆ ತೊಟ್ಟಿಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದಳು, ರವಿಕೆ ಕೈಯಲ್ಲೇ ಇತ್ತು. ಕಂಕುಳಲ್ಲಿ ಕೈ ಹಾಕಿ ಹಿಂದಿನ ಜಗಲಿಗೆ ಎಳೆದೆ. ಅವಳ ಕೈಕಾಲು ನಾಲ್ಕೈದು ಸಲ ಸೆಳೆದವು. ಅಮ್ಮ ತೊಟ್ಟಿಯಿಂದಲೇ ಅದನ್ನು ನೋಡಿ ಕಿರುಚಿದರು. ನಾನು ಡಾಕ್ಟರನ್ನು ಕೂಗಿದೆ. ಮತ್ತೆ ಒಳಗೆ ಓಡಿ ಸಿಲಿಂಡರು ಮುಚ್ಚಿದೆ, ಅಮ್ಮನನ್ನು ಎಬ್ಬಿಸಿ ಹೊರಗೆ ತಂದೆ. ಹೊರಗೆ ತರುವ ಮೊದಲು ಕಿಂಡಿಯ ಟವೆಲ್ಲು ತೆಗೆದೆ. ಗಾಬರಿಯಲ್ಲಿ ಕೈ ತಾನಾಗಿ ಹೋಯಿತು ಎಂದು ಬರೆಯಬಹುದು. ಹಾಗಲ್ಲ. ಯಾರೂ ನೋಡಬಾರದೆಂದು ತೆಗೆದೆ.

ಜಗಲಿಯ ಗಾಳಿಗೆ ಅವಳಿಗೆ ಉಸಿರು ಸರಿಯಾಯಿತು. ಕಣ್ಣು ತೆರೆದಳು, ವಾಂತಿ ಮಾಡಿದಳು, ಅತ್ತೆಯನ್ನು ಗುರುತು ಹಿಡಿದಳು. ಡಾಕ್ಟರು ನಾಡಿ ಹಿಡಿದುಕೊಂಡೇ ನನ್ನತ್ತ ನೋಡಿದರು.

“ಫ್ಯಾನು?”

“ಕರೆಂಟ್ ಹೋಯ್ತು ಸರ್. ತಕ್ಷಣ ಸಿಲಿಂಡರ್ ಮುಚ್ಚಿದೆ.”

“ಕಿಂಡಿ?”

“ತೆಗೆದೇ ಇತ್ತು.”

ಅಷ್ಟಕ್ಕೇ ನಿಲ್ಲಿಸಲಿಲ್ಲ. “ಸೋಮವಾರದ ಉಪವಾಸ ಅಂತೆ ಸರ್, ಬೆಳಿಗ್ಗೆಯಿಂದ ಏನೂ ತಿಂದಿಲ್ಲ” ಎಂದೆ. ಅದು ನಿಜವೇ ಆಗಿತ್ತು. ಅಮ್ಮ ನಡುಗುತ್ತ, “ಉಪವಾಸ ಅಲ್ಲ. ಏನೋ ಗಾಳಿ ಸೋಕ್ಯದೆ ಇವಳಿಗೆ” ಎಂದರು. ಅವರು ಹೇಳಿದ್ದು ದೆವ್ವದ ಗಾಳಿ. ಡಾಕ್ಟರು, “ಹಂಗೆಲ್ಲ ಏನೂ ಇಲ್ಲಮ್ಮ” ಎಂದು ಸಮಾಧಾನ ಮಾಡಿದರು. ಅಲ್ಲಿದ್ದವರಲ್ಲಿ ನಿಜಕ್ಕೆ ಹತ್ತಿರ ಇದ್ದದ್ದು ಅಮ್ಮನ ಮಾತೇ. ಅದು ಗೊತ್ತಿದ್ದವಳು ನಾನೊಬ್ಬಳೇ. ಆಸ್ಪತ್ರೆಗೆ ಕರೆದುಕೊಂಡು ಹೋದಾಗಲೂ ಅಲ್ಲಿಯವರು ನನ್ನನ್ನೇ ಕೇಳಿದರು. ಉಪವಾಸ ಎಂದೇ ಬರೆಸಿದೆ. ಸಂಜೆಗೆ ಅವಳನ್ನು ಮನೆಗೆ ಕಳಿಸಿದರು. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಬಿಟ್ಟರೆ ನನಗೆ ಬೇರೆ ಕಾರಣ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಅಮ್ಮ ಡಾಕ್ಟರಿಗೆ ಕಾಲು ತೋರಿಸಲು ಮತ್ತೆ ಬಂದರು. ಈ ಸಲ ಜೊತೆಗೆ ಮಗ. ಸೊಸೆ ಹೇಗಿದ್ದಾಳೆ ಎಂದು ಕೇಳಿದೆ.

“ಅವಳಿಗೆ ಫಿಟ್ಸ್ ಅಂತ ಗುಳಿಗೆ ಶುರು ಮಾಡ್ಯಾರೆ ತಂಗಿ. ಕೈಕಾಲು ಸೆಳೆದಿದ್ದು ನಾನೇ ಕಣ್ಣಾರೆ ನೋಡಿದ್ನಲ್ಲ, ದೊಡ್ಡ ಡಾಕ್ಟರ ಹತ್ರ ಹೇಳ್ದೆ. ಸೊರಬದಲ್ಲಿ ಹೊಲಿಗೆ ಕಲಿಸೋ ಕೆಲಸ ಸಿಕ್ಕಿತ್ತು. ಸ್ಕೂಟಿ ಕಲ್ತಿದ್ಲು. ಎಲ್ಲ ಬಿಡ್ಸಿದ್ವಿ. ದಾರಿ ಮೇಲೆ ಬಿದ್ರೆ ಎಂತ ಗತಿ?”

ಬೆಂಕಿ ಹತ್ತಿರ ಒಬ್ಬಳನ್ನೇ ಬಿಡುವುದಿಲ್ಲ ಎಂದು ಮಗ ಹೇಳಿದ.

ಅವರು ಹೋದ ಮೇಲೆ ಡಾಕ್ಟರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದುಹೋಗಿ ಹಿಂದಿನ ಕೋಣೆಗೆ ಬೀಗ ಹಾಕಿ ಬಂದರು. “ನಿಮ್ಮನ್ನ ಒಬ್ಬರನ್ನೇ ಬಿಟ್ಟಿದ್ದು, ಕರೆಂಟ್ ಹೋದ್ರೆ ಏನು ಅಂತ ಯೋಚನೆ ಮಾಡದೆ ಇದ್ದಿದ್ದು ನನ್ನ ತಪ್ಪು. ಅದನ್ನ ನಾನು ಅವರಿಗೆ ಹೇಳ್ತೀನಿ. ಆದರೆ ಸುಳ್ಳು ಹೇಳಿದ್ದು ನೀವು. ಮೊದಲು ನೀವೇ ಹೋಗಿ. ಗುಳಿಗೆ ತಾವಾಗಿಯೇ ನಿಲ್ಲಿಸಬಾರದು ಅನ್ನಿ. ಕೊಟ್ಟವರ ಹತ್ತಿರವೇ ಹೋಗಿ, ನಡೆದದ್ದು ಹೇಳಿ, ಅವರು ಹೇಳಿದ ಹಾಗೆ ಕಡಿಮೆ ಮಾಡಬೇಕು” ಎಂದರು.

ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಅಂಗಳಕ್ಕೆ ಕಾಲಿಟ್ಟಾಗ ಅಮ್ಮ, “ಸೋಡಾದವಳು ಬಂದ್ಲು ನೋಡೇ! ಆಸ್ರಿಗೆ ತಾ” ಎಂದು ಒಳಗೆ ಕೂಗಿದರು. ಸೊಸೆ ನೀರು, ಬೆಲ್ಲ ತಂದಿಟ್ಟಳು. ಮುಖ ಊದಿಕೊಂಡ ಹಾಗಿತ್ತು, ಮಾತು ನಿಧಾನವಾಗಿತ್ತು. ಗುಳಿಗೆಯಿಂದ ಸದಾ ತೂಕಡಿಕೆ ಎಂದಳು.

ನೀರು ಕುಡಿಯುವ ಮೊದಲೇ ಹೇಳಿದೆ. ಟವೆಲ್ಲು, ಬಾಗಿಲು, ಸಣ್ಣಗೆ ಮಾಡಿದ ಸಿಲಿಂಡರು, ನೆಲಕ್ಕೆ ಇಳಿದು ನಿಲ್ಲುವ ಗಾಳಿ, ನಾನು ಡಾಕ್ಟರಿಗೆ ಹೇಳಿದ ಸುಳ್ಳು. ‘ನಿನಗೆ ಯಾವ ರೋಗವೂ ಇರಲಿಲ್ಲ ಅಂತ ನನಗೆ ಅನ್ನಿಸ್ತದೆ, ಆದರೆ ಅದನ್ನು ಡಾಕ್ಟರೇ ಹೇಳಬೇಕು’ ಎಂದೆ.

ಅವಳು ಕೇಳಿದಳು: “ಅದು ಗ್ಯಾಸಾ ಅಕ್ಕಾ?”

“ಹೌದು.”

“ಗ್ಯಾಸ್ ಅಂದಿದ್ರೆ ನಾನೇ ಬಾಗಿಲು ತೆಗೀತಿದ್ನಲ್ಲ. ಮನೇಲಿ ಒಲೆ ಸಿಲಿಂಡ್ರು ಸೋರಿದ್ರೆ ಮೊದ್ಲು ಬಾಗಿಲು ತೆಗೀಬೇಕು ಅಂತ ನನ್ನ ಮಗಳಿಗೂ ಗೊತ್ತು. ನೀವು ಸೋಡಾ ಅಂದ್ರಿ.”

ಹೆದರಿಕೆ ಹೋಗಲಿ ಎಂದು ಆರಿಸಿಕೊಂಡ ಶಬ್ದ ಅದು. ಇರಲೇಬೇಕಾದಷ್ಟು ಹೆದರಿಕೆಯನ್ನೂ ತೆಗೆದುಬಿಟ್ಟಿತ್ತು.

“ಬಾಯಲ್ಲಿ ಹೇಳಿದ್ರೆ ನಮ್ಮನೆಯವರೂ ನಂಬಲ್ಲ, ಡಾಕ್ಟ್ರೂ ನಂಬಲ್ಲ. ಬರ್ದು ಕೊಡಿ” ಎಂದು ಮಗಳ ನೋಟುಬುಕ್ಕಿನಿಂದ ಹಾಳೆ ಹರಿದು ಕೊಟ್ಟಳು. ಜಗಲಿಯ ಮೇಲೆ ಕೂತು ಬರೆದೆ. ಓದಿ, ಬೆರಳಿಟ್ಟು ಒಂದು ಸಾಲು ತೋರಿಸಿದಳು. ‘ಕರೆಂಟು ಹೋದಾಗ ಕಿಂಡಿ ಮುಚ್ಚಿತ್ತು’ ಎಂದು ಬರೆದಿದ್ದೆ.

“ತಾನಾಗೇ ಮುಚ್ಚಿಕೊಂಡಿತ್ತಾ?”

ಅದನ್ನು ಹೊಡೆದುಹಾಕಿ ‘ಕಿಂಡಿಯನ್ನು ನಾನು ಟವೆಲ್ಲಿನಿಂದ ಮುಚ್ಚಿದೆ’ ಎಂದು ಬರೆದೆ.

ಅಮ್ಮ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಕೂತಿದ್ದರು. “ಮುಚ್ಚು ಅಂದಿದ್ದು ನಾನು. ಅದನ್ನೂ ಬರಿ. ಫಿಟ್ಸ್ ಅಂತ ಊರಿಗೆಲ್ಲ ಹೇಳಿದ್ದೂ ನಾನೇ” ಎಂದರು. ಮೊದಲನೆಯದನ್ನು ಬರೆದೆ. ಎರಡನೆಯದು ಡಾಕ್ಟರಿಗೆ ಬೇಕಾಗಿಲ್ಲ ಎಂದೆ. ಸೊಸೆ, “ಅದೂ ಇರ್ಲಿ” ಎಂದಳು. ಅದನ್ನೂ ಬರೆದು ಸಹಿ ಹಾಕಿದೆ.

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಗುಳಿಗೆಯ ಡಬ್ಬಿಯಲ್ಲಿ ಇಟ್ಟಳು. “ಸ್ಕೂಟಿ ಕೀಲಿ ಎಲ್ಲಿಟ್ಟೀರಿ ಅತ್ತೆ?” ಎಂದು ಕೇಳಿದಳು.

“ಡಾಕ್ಟ್ರು ಹೇಳ್ಲಿ ಮೊದ್ಲು, ಆಮೇಲೆ” ಎಂದರು ಅಮ್ಮ. ಆ ಮಾತು ಸರಿಯಾಗಿಯೇ ಇತ್ತು. ಸೊಸೆ ನನ್ನ ಕಡೆ ನೋಡಿದಳು. ಹೌದು, ಡಾಕ್ಟರು ಹೇಳಬೇಕು ಎಂದು ನಾನೂ ಹೇಳಬೇಕಾಯಿತು. ಹೊಲಿಗೆ ಕಲಿಸುವ ಕೆಲಸಕ್ಕೆ ಬೇರೆಯವರನ್ನು ತೆಗೆದುಕೊಂಡು ಆಗಲೇ ಒಂದು ತಿಂಗಳಾಗಿತ್ತು. ಅವಳು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ನಾನು ಹೊರಡುವಾಗ ಬಾಗಿಲಿಗೆ ಬರಲಿಲ್ಲ.